ಎರಡು ಲೀಟರ್

ಮಂಗಲ್ಪಾಡಿ ಆಸ್ಪತ್ರೆ, ಆರನೇ ಮಂಚ.
ಅಂಗಾರ, ಅರುವತ್ತೊಂಬತ್ತು. ಕೆಲಸ: ಸುರಂಗ ಕೊರೆಯುವುದು.
‘ಈಗಿಲ್ಲ’ ಎಂದು ಸೇರಿಸಲು ಹೋದರೆ
ಕೈಯಾಡಿಸಿ ತಡೆದ.

ಬಾಯಾರಿನ ಗುಡ್ಡದೊಳಗೆ ನಲುವತ್ತು ಕೋಲು ಅಡ್ಡಕ್ಕೆ
ಮುರಕಲ್ಲು ಕಡಿದು ನೀರು ತಂದವನು.
ಮೊಂಬತ್ತಿ ಕುಗ್ಗಿದರೆ ಹೊರಗೆ ಬರಬೇಕು,
ಅಷ್ಟೇ ಶಾಸ್ತ್ರ.
ಎಷ್ಟೋ ಸಲ ಬರಲಿಲ್ಲವಂತೆ,
ಇನ್ನೆರಡು ಬುಟ್ಟಿ ಮಣ್ಣು, ಎಂದು.

ನೆತ್ತರು ಹುಳಿಯಾಗಿದೆ ಎನ್ನುತ್ತದೆ ಚೀಟಿ.
ಮಿದುಳಿನ ಕಾಂಡದಲ್ಲಿ ಒಬ್ಬಳು ಅಡುಗೆಯವಳು,
ಅವಳು ನೋಡುವುದು ಹುಳಿ ಮಾತ್ರ.
ನಾಲಗೆ ಚುರ್ರೆಂದರೆ ಎದೆಗೆ ಹೇಳುತ್ತಾಳೆ:
ಊದು, ಊದಿ ಹೊರಗೆ ಹಾಕು.
ಇವನಲ್ಲಿ ಅವಳ ನಾಲಗೆ ಜಡ್ಡುಗಟ್ಟಿದೆ,
ವರ್ಷಗಟ್ಟಲೆ ಹುಳಿ, ಅದರ ಮೇಲೆ
ಮೈಯೇ ಕೂಡಿಟ್ಟ ಕ್ಷಾರ.
ಇನ್ನೂ ಎಚ್ಚರವಾಗಿರುವುದು ಕುತ್ತಿಗೆಯಲ್ಲಿ,
ನಾಳ ಕವಲೊಡೆಯುವ ಕಡೆ,
ಅಕ್ಕಿಕಾಳಿನಷ್ಟಿರುವ ಎರಡು.
ಬೆಳಕು ಕುಗ್ಗಿತು, ಕುಗ್ಗಿತು, ಎಂದು
ಅವು ಕೂಗುತ್ತಿರುವವರೆಗೆ ಉಸಿರು.

ಆದ್ದರಿಂದ ಆಮ್ಲಜನಕ ಎರಡು ಲೀಟರ್. ಹೆಚ್ಚು ಬೇಡ.
ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದಿದ್ದರು.

ರಾತ್ರಿ ಎರಡೂವರೆಗೆ
ನಾನು ಎಂಟನೇ ಮಂಚದ ಮಗುವಿನ ಹಣೆ ಒರೆಸುತ್ತಿದ್ದಾಗ
ಮಗಳು ಬಾಗಿ ಎದ್ದು ತಿರುಗಣೆ ತಿರುಗಿಸಿದ್ದಾಳೆ.
ಆರಕ್ಕೆ.
ಬಂದು ನೋಡಿದರೆ ತುಟಿ ಕೆಂಪು,
ಬೆರಳಿನ ಯಂತ್ರದಲ್ಲಿ ತೊಂಬತ್ತೊಂಬತ್ತು,
‘ಈಗ ಚಂದ ನಿದ್ದೆ ಬಂತು ಸಿಸ್ಟರ್,’ ಎಂದಳು.

ಎಣಿಸಿದೆ. ನಿಮಿಷಕ್ಕೆ ಏಳು.
ಒಂದಕ್ಕೂ ಮತ್ತೊಂದಕ್ಕೂ ನಡುವೆ
ಹೆದ್ದಾರಿಯಲ್ಲಿ ಮೀನಿನ ಲಾರಿಯೊಂದು
ಪೂರ್ತಿ ಹಾದುಹೋಯಿತು, ಅದರ ವಾಸನೆಯೂ.

ತಿರುಗಣೆ ಹಿಂದಕ್ಕೆ ತಂದೆ.
‘ಅಪ್ಪನಿಗೆ ಗಾಳಿ ಕಡಿಮೆ ಮಾಡುತ್ತೀರಾ?’
ಹೌದು ಎಂದೆ. ಮುಂದಿನ ಮಾತು
ಮಲಯಾಳದಲ್ಲೂ ಬರಲಿಲ್ಲ, ಕನ್ನಡದಲ್ಲೂ.
ಡಾಕ್ಟರಿಗೆ ಫೋನು. ಭುಜ ಹಿಡಿದು ಅಲುಗಿಸಿದೆ,
ಅಂಗಾರಣ್ಣ, ಉಸಿರು ತೆಗೆಯಿರಿ. ತೆಗೆಯಿರಿ.
ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಮಣ್ಣು,
ಎಷ್ಟು ವರ್ಷದ್ದೋ.

ತೊಂಬತ್ತೊಂದು. ತೊಂಬತ್ತು. ಎಂಬತ್ತೊಂಬತ್ತಕ್ಕೆ ಇಳಿದಾಗ
ಕುತ್ತಿಗೆಯ ನರ ಬಿಗಿಯಿತು.
ಒಂಬತ್ತು ಉಸಿರು. ಹನ್ನೊಂದು. ಹದಿನಾಲ್ಕು, ಸದ್ದಿನೊಂದಿಗೆ,
ಗರಗಸದ ಹಾಗೆ.
ಬಾಗಿಗೆ ಆ ಸದ್ದು ಕೇಳಲಾಗದೆ
ಗೋಡೆಗೆ ಮುಖ ಮಾಡಿ ಕೂತಿದ್ದಳು.

ಬೆಳಗಿನ ಬಾಂಗಿನ ಹೊತ್ತಿಗೆ, ಕಣ್ಣು ಬಿಡದೆ,
‘ಮೊಂಬತ್ತಿ ಉಂಡಾ?’ ಎಂದು ಕೇಳಿದ.
ನಾನು ಬಾಯಿ ತೆರೆಯುವ ಮೊದಲೇ ಬಾಗಿ,
ಉಂಡು, ಎಂದಳು, ಕುಗ್ಗಿದೆ.
‘ಹಾಗಾದರೆ ಸರಿ,’ ಎಂದ.