ಕಪ್ಪು

ಆರನೇ ಕ್ಲಾಸಿನಲ್ಲಿ, ನನ್ನ ತಂದೆ ಎಂಬ ಪ್ರಬಂಧದಲ್ಲಿ
ಬರೆದಿದ್ದೆ: ಅಪ್ಪನಿಗೆ ಕಪ್ಪು ಅಂದರೆ ಪ್ರಾಣ.
ಮುನಿರತ್ನಮ್ಮ ಟೀಚರು ಕೆಂಪು ಇಂಕಿನಲ್ಲಿ ಕೇಳಿದರು:
ಬಣ್ಣವೋ, ಲೋಟವೋ?

ಮನೆಯಲ್ಲಿ ತಮಿಳು, ಮೈದಾನದಲ್ಲಿ ಅರೆಬರೆ ಇಂಗ್ಲಿಷು,
ಕನ್ನಡ ನಿಮ್ಮಿಂದ ಕೈಸಾಲ ತಂದದ್ದು, ಟೀಚರ್.
ಆ ದಿನ ಉತ್ತರ ಹೊಳೆಯಲಿಲ್ಲ.

ಚಾಂಪಿಯನ್ ರೀಫ್ ಅಂದರೆ ಗೆದ್ದವರ ಊರೇನಲ್ಲ.
ಗಿಫರ್ಡ್ ಶಾಫ್ಟಿನ ಕೇಜಿನಲ್ಲಿ ಇಳಿಯುತ್ತ ಹೋದರೆ
ಕಿವಿ ಮುಚ್ಚುತ್ತದೆ, ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ,
ಆಮೇಲೆ ಸಿಗುವುದು ಬಿಸಿ ಬಿಸಿ ಕಪ್ಪು.
ಅಲ್ಲಿ ಬಂಡೆಗೆ ಮರದ ಆಸರೆ ಹೊಡೆಯುತ್ತ
ನಮ್ಮಪ್ಪ ಸವರಿಮುತ್ತು ಲೋಕದ ಕಪ್ಪಿನ ಕತೆ ಹೇಳುತ್ತಿದ್ದ,
ತಾನೇ ಕಂಡು ಬಂದವನ ಹಾಗೆ.

ಮೊದಲ ಸಲ ಹಡಗಿನಲ್ಲಿ ಹೋದರಂತೆ,
ಡೆಕ್ಕಿನ ಮೇಲೆ ಓಡಿ ಓಡಿ ಕಾಲು ಸಡಿಲಿಸಿಕೊಂಡು.
ಫೈನಲಿನಲ್ಲಿ ಚೆಂಡು ಯಾರದೆಂದು ಜಗಳ:
ಅರ್ಧ ಆಟ ಅವರ ಚೆಂಡು, ಇನ್ನರ್ಧ ಇವರದು,
ಅವರವರ ಚೆಂಡಿನಲ್ಲಿ ಅವರವರು ಮುಂದೆ.
ನಮ್ಮ ಲೈನಿನ ನಲ್ಲಿ ಸರದಿ ಇದ್ದಂಗೆ,
ಅನ್ನುತ್ತಿದ್ದ ಗೋಲಿ ಇರುದಯಂ ಮಾಮ.

ಯುದ್ಧ ಬಂತು. ಇಟಲಿಯವನೊಬ್ಬ ಕಪ್ಪನ್ನು
ಶೂ ಡಬ್ಬದಲ್ಲಿಟ್ಟು ಮಂಚದ ಕೆಳಗೆ ತಳ್ಳಿದ.
ಅಪ್ಪ ಇಲ್ಲಿ ನಿಲ್ಲಿಸಿ
ಒಬ್ಬೊಬ್ಬರ ಮುಖಕ್ಕೂ ದೀಪ ಹಿಡಿಯುತ್ತಿದ್ದ.
ಪಾಳಿ ಮುಗಿದರೆ ಬಾಯಿ ತೆರೆಸಿ, ಬೂಟು ಬಿಚ್ಚಿಸಿ,
ಕೂದಲು ಕೆದಕಿ ಗೇಟು ದಾಟಿಸುವ ಊರಲ್ಲಿ
ಮಂಚದ ಕೆಳಗೆ ಬಂಗಾರ ಅಂದರೆ ಯಾರೂ ನಗುವುದಿಲ್ಲ.

ಐವತ್ತನೇ ಇಸವಿಯಲ್ಲಿ ನಮಗೂ ಕರೆ ಬಂದಿತ್ತು.
ಹೋಗಲಿಲ್ಲ. ಬೂಟಿರಲಿಲ್ಲ ಅಂತ ಕೆಲವರು,
ದುಡ್ಡು, ದೂರ, ಅಸಡ್ಡೆ ಅಂತ ಕೆಲವರು.
ಸೈನೇಡ್ ದಿಬ್ಬದ ಬುಡದಲ್ಲಿ ಬರಿಗಾಲಲ್ಲೇ ಆಡಿದ ತಾತನನ್ನು ಕೇಳಿದರೆ
ಉಗುರಿಲ್ಲದ ಹೆಬ್ಬೆರಳು ಚಾಚಿ ಸುಮ್ಮನಾಗುತ್ತಿದ್ದ.

ಲಂಡನ್ನಿನಲ್ಲಿ ಕದ್ದರು; ಬೇಲಿಯ ಬುಡದಲ್ಲಿ
ಪೇಪರಿನ ಪೊಟ್ಟಣ ಮೂಸಿ ಹಿಡಿದುಕೊಟ್ಟಿತು ಒಂದು ನಾಯಿ.
ಮತ್ತೆ ರಿಯೋದಲ್ಲಿ ಕದ್ದರು. ಅಲ್ಲಿ ನಾಯಿ ಇರಲಿಲ್ಲ.
ಕರಗಿಸಿಬಿಟ್ಟರು ಅಂತಾರೆ.
ಒಳಗೆಲ್ಲ ಬೆಳ್ಳಿ, ಮೇಲೆ ಚಿನ್ನದ ನೀರು, ಕಳ್ಳರಿಗೆ ಲಾಸು,
ಅಂದ ಅಪ್ಪ. ಹೊಸದು? ಹದಿನೆಂಟು ಕ್ಯಾರೆಟ್ಟು, ಕಾಲು ಭಾಗ ಬೆರಕೆ.
ಬೀಡಿ ಕಟ್ಟಿನ ಕಾಗದದ ಮೇಲೆ ಲೆಕ್ಕ ಹಾಕಿದ್ದ:
ಟನ್ನಿಗೆ ನಾಲ್ಕು ಗ್ರಾಮಿನಂತೆ, ಹತ್ತಿರ ಹತ್ತಿರ
ಸಾವಿರ ಟನ್ನು ಕಲ್ಲು ಮೇಲೇರಬೇಕು
ಒಬ್ಬ ನಾಯಕ ಒಂದು ಸಲ ಕಪ್ಪೆತ್ತಲು.
ಎತ್ತುವಾಗ ಅವನಿಗೆ ಭಾರ ತಿಳಿಯುತ್ತಾ?

ಎಂಬತ್ತಾರು. ಚರ್ಚಿನ ಹಾಲು, ಒಂದೇ ಟೀವಿ, ನಡುರಾತ್ರಿ.
ಕೈಯಲ್ಲಿ ತಳ್ಳಿದ ಗೋಲಿಗೆ ಹಾಲು ಹಾಲೇ ಎರಡು ಪಾರ್ಟಿ.
ಆಗ ಬೆಂಚು ನಡುಗಿತು. ಕಿಟಕಿಯ ಗಾಜು
ಹಲ್ಲು ಕಡಿದ ಹಾಗೆ ಕಟಕಟ.
ಕೆಳಗೆಲ್ಲೋ ಬಂಡೆ ಸಿಡಿದಿತ್ತು.
ಟೀವಿಯೊಳಗೆ ಲಕ್ಷ ಜನ ಕೂಗುತ್ತಲೇ ಇದ್ದರು.
ನಾವು ಸೈರನ್ನಿಗೆ ಕಾದೆವು.

ಬೆಳಿಗ್ಗೆ ಅಪ್ಪ ಬಂದ. ಇರುದಯಂ ಮಾಮ ಬರಲಿಲ್ಲ.
ಬಾಗಿಲಲ್ಲೇ ನಿಂತು ಅಪ್ಪ ಕೇಳಿದ: ಯಾರು ಗೆದ್ದರು?
ಅಮ್ಮ ಕೈಯಲ್ಲಿದ್ದ ಲೋಟ ಎಸೆದಳು.
ಸಂಜೆ ಮಣ್ಣು ಹಾಕುವಾಗ ನೋಡಿದೆ,
ಗುಂಡಿಗೆ ಬಾಗಿ ಮೆಲ್ಲಗೆ ಸ್ಕೋರು ಹೇಳುತ್ತಿದ್ದ.

ಗಣಿ ಮುಚ್ಚಿದ ಮರುವರ್ಷ ಕಪ್ಪು ಜಪಾನು, ಕೊರಿಯಾದ ಪಾಲು.
ನಮಗೆ ಮಟಮಟ ಮಧ್ಯಾಹ್ನ.
ಮೊದಲ ಬಾರಿಗೆ ಅಪ್ಪ ಒಂದೂ ಬಿಡದೆ ನೋಡಿದ,
ಹಗಲಲ್ಲಿ, ಇಸ್ತ್ರಿ ಶರ್ಟು ಹಾಕಿಕೊಂಡು,
ಕೈ ಎಲ್ಲಿಡಬೇಕೋ ತಿಳಿಯದೆ.
ಮೂರನೆಯ ದಿನ ಅರ್ಧಕ್ಕೇ ಎದ್ದು ಬಾಗಿಲು ಹಾಕಿದ,
ಕಿಟಕಿಗೆ ಕಂಬಳಿ ಕಟ್ಟಿದ,
ಸಂದಿಗಳಿಗೆ ಹಳೆ ಪೇಪರು ತುರುಕಿದ.

ಪೂರಾ ಕತ್ತಲಾಯಿತು.
ಹುಲ್ಲು ಇನ್ನಷ್ಟು ಹಸಿರಾಯಿತು.