ಸೇತುವೆ ಇಳಿಯುವ ತನಕ

ಒಂದೂವರೆಗೆ ನೆವಾದ ಸೇತುವೆಗಳು ಕೈ ಎತ್ತಿಬಿಟ್ಟವು.
ರಾವಿಲ್, ನಿನ್ನ ಮನೆ ಆಚೆ ದಡ, ನನ್ನದೂ ಆಚೆ ದಡ,
ಐದರವರೆಗೆ ಎಲ್ಲಿಗೂ ಹೋಗುವಂತಿಲ್ಲ.
ಜೂನಿನಲ್ಲಿ ಈ ಊರಿಗೆ ಕತ್ತಲೆ ಬರುವುದಿಲ್ಲ.
ಪರದೆ ಎಳೆ. ಹಸಿರು ಹೊಳೆಯಬೇಕಾದರೆ
ಕತ್ತಲೆಯನ್ನು ನಾವೇ ಮಾಡಿಕೊಳ್ಳಬೇಕು.

ಜಾಡಿಯಲ್ಲಿ ಹಿಟ್ಟು. ಹಿಟ್ಟಿನಲ್ಲಿ ಹುಳ,
ಬೇರೆ ಮನೆಯಲ್ಲಾದರೆ ಬೈದು, ಜರಡಿ ಹಿಡಿದು
ಹೊರಗೆಸೆಯುವ ಅದೇ ಕೆಂಗಂದು ಹುಳ.
ಇಪ್ಪತ್ತಾರು ವರ್ಷದಿಂದ ಇವುಗಳ ಅನ್ನದ ಋಣ ನನ್ನ ಮೇಲೆ.
ಉಪ್ಪುನೀರಿನ ಹನಿಯಲ್ಲಿ ಹೊಟ್ಟೆ ಬಿಡಿಸುತ್ತೇನೆ:
ಸೂಜಿ ಎರಡು, ಉಸಿರು ಅರ್ಧ.
ಸಾಲಾಗಿ ಮೊಟ್ಟೆಗಳು, ಹಿಂದಿನದು ಕಿರಿದು, ಮುಂದಿನದು ಹಿರಿದು,
ಒಂದೊಂದರೊಳಗೂ ಒಂದು ತಿಳಿಗುಳ್ಳೆ.

ಗುಳ್ಳೆಯ ನಡುವೆ ವರ್ಣತಂತುಗಳೆಲ್ಲ
ಚಳಿಗೆ ಮುದುಡಿದಂತೆ ಒಂದೇ ಗಂಟಾಗಿ ಕೂತಿವೆ.
ಮೌನ, ಎಂದು ಬರೆದಿದ್ದೆವು ನಾವು, ಮೊದಲ ವರ್ಷ.
ಅಷ್ಟೇನೂ ಮೌನವಿಲ್ಲ.
ಆಗೊಂದು ಈಗೊಂದು ಎಳೆ ಬಿಚ್ಚಿಕೊಳ್ಳುತ್ತದೆ,
ಉದ್ದ, ಒರಟು, ಬೇಕಾದ್ದೂ ಬೇಡದ್ದೂ ಕಲೆತ ಚೀಟಿ.
ತಲೆಗೊಂದು ಟೊಪ್ಪಿ.
ಬಾಲಕ್ಕೆ, ಅಕ್ಷರ ಕಲಿತ ಮಗು ಸ್ಲೇಟು ತುಂಬ
ಒಂದನ್ನೇ ತಿದ್ದಿದ ಹಾಗೆ, ಅ ಅ ಅ ಅ ಅ.
ನಡುವೆ ಕತ್ತರಿ.

ಕತ್ತರಿ ಅಂದಾಗ ಅಜ್ಜಿಯ ಪೆಟ್ಟಿಗೆ ನೆನಪಾಗುತ್ತದೆ.
ಯುದ್ಧದ ಕಾಲದ, ತ್ರಿಕೋನ ಮಡಿಚಿದ ಕಾಗದಗಳು.
ಅಜ್ಜ ಬರೆದದ್ದು ಐದು ಸಾಲು,
ಸೆನ್ಸಾರಿನ ಮಸಿ ಕುಡಿದದ್ದು ಎರಡು.
ಉಳಿದದ್ದನ್ನು ಅಜ್ಜಿ ಜೋಡಿಸಿ ಓದುತ್ತಿದ್ದಳು:
ಚೆನ್ನಾಗಿದ್ದೇನೆ. ಕಾಲಿಗೆ ಹೊಸ ಬೂಟು. ಹಿಟ್ಟು ಸಿಕ್ಕಿತೇ?
ಅರ್ಥವೇನೂ ಕೆಡಲಿಲ್ಲ.
ಆದರೆ ಮಸಿಯ ಅಡಿಗೆ ಯಾವ ಊರಿತ್ತೋ ಎಂದು
ದೀಪಕ್ಕೆ ಹಿಡಿದು ನೋಡುತ್ತಿದ್ದಳು, ಎಂಬತ್ತರ ತನಕ.

ಬಿಡು. ಕೆಲಸ ನೋಡು.
ಕತ್ತರಿಸಿ ಕೂಡಿಸಿದ ಪ್ರತಿ ಬೆಸುಗೆಯ ಬಳಿಯೂ
ಅರಗಿನ ಮುದ್ರೆಯಂತೆ ಪ್ರೋಟೀನು ಕೂರುತ್ತದೆ: ಇದು ಹೋಗಬಹುದು.
ಆಮೇಲೆ ಇನ್ನೊಂದು ಬಂದು ಕೈ ಹಿಡಿಯುತ್ತದೆ,
ಹೊಸಿಲು ದಾಟಿಸುವುದಕ್ಕೆ.
ನಿನ್ನ ಹಸಿರು ಬಣ್ಣ ಅಂಟಬೇಕಾದ್ದು ಆ ಕೈಗೆ.

ನೀನು ಮುಖ ಸಿಂಡರಿಸಿದೆ:
"ತೈಸಿಯಾ ಪ್ಲಾತೊನೊವ್ನಾ, ತೊಳೆದದ್ದು ಸಾಲಲಿಲ್ಲ.
ಹೊಸಿಲಲ್ಲಿರಬೇಕಾದ್ದು ನಡುಮನೆಯಲ್ಲಿ ಹೊಳೆಯುತ್ತಿದೆ."
ಮೂರು ಸಲ ತೊಳೆದವಳು ನಾನು, ಮಾರಾಯ.
ಮತ್ತೆ ನೋಡು. ಕೆಂಪು, ಕತ್ತರಿಯವರದು.
ಹಸಿರು, ಕೈ ಹಿಡಿಯುವವರದು.
ಎರಡೂ ಕೂಡಿದಲ್ಲಿ ಹಳದಿ,
ಸಾಸಿವೆಯಷ್ಟೂ ಅಲ್ಲ, ಸಾಸಿವೆಯ ನೆರಳಿನ ಚೂರು.
ಕೆಲಸ ಮುಗಿಸಿದವರು, ಹೊರಡಬೇಕಾದವರು
ಒಂದೇ ಜಗಲಿಯಲ್ಲಿ ಕೂತಿದ್ದಾರೆ.
ಗೋಡೆಯಲ್ಲಿ ಬಾಗಿಲು ಎಷ್ಟೋ ಇವೆ. ಯಾರೂ ಏಳುತ್ತಿಲ್ಲ.

ತಪ್ಪೋ, ತಾಳ್ಮೆಯೋ, ನನಗೂ ಗೊತ್ತಿಲ್ಲ.
ಚಹಾಕ್ಕೆ ನೀರಿಟ್ಟಿದ್ದೇನೆ, ಕುದಿಯುವಷ್ಟರಲ್ಲಿ ಇನ್ನೊಂದು ಸ್ಲೈಡು.
ಮೇಜಿನ ಮೇಲೆ ಚೆಲ್ಲಿದ ಹಿಟ್ಟನ್ನು ಒರೆಸಬೇಡ,
ರಟ್ಟಿನಲ್ಲಿ ಬಳಿದು ಜಾಡಿಗೇ ಹಾಕು.
ನಮ್ಮ ಮನೆಯಲ್ಲಿ ಅದನ್ನು ಗುಡಿಸಿದವರಿಲ್ಲ.

ನಾಲ್ಕು ಐವತ್ತು.
ದೂರದಲ್ಲಿ ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು.