ಕೈಗಡ

ಟಿಬಿಲಿಸಿಯ ಅಂಚಿನ ಆ ಹದಿನಾರು ಮಹಡಿಯ ಕಟ್ಟಡದಲ್ಲಿ
ಲಿಫ್ಟಿಗೂ ಹಸಿವು.
ತಗಡಿನ ಡಬ್ಬಿಗೆ ಇಪ್ಪತ್ತು ತೆತ್ರಿ ಹಾಕಿದರಷ್ಟೇ
ಗೊರಗೊರ ಎಂದು ಮೇಲೇಳುತ್ತದೆ;
ಇಲ್ಲವೋ, ಬಾಯಿ ತೆರೆದು ನಿಂತೇ ಇರುತ್ತದೆ.

ಅದರೆದುರು ಹಸಿ ಬಾಣಂತಿ ತಾಮ್ತಾ.
ಹೆತ್ತು ಹತ್ತೊಂಬತ್ತು ದಿನ, ಹೊಲಿಗೆ ಇನ್ನೂ ಎಳೆಯುತ್ತದೆ.
ತನ್ನ ಕೋಟಿನ ಗುಂಡಿ ಕೂರದೆ ಗಂಡನದನ್ನು ತೊಟ್ಟು ಬಂದಿದ್ದಾಳೆ.
ಅದರ ಜೇಬಿನಲ್ಲಿ
ಸೂರ್ಯಕಾಂತಿ ಬೀಜದ ಸಿಪ್ಪೆ, ಒಂದು ಮೊಳೆ.
ಕಾಸಿಲ್ಲ.
ಹೋಗಬೇಕಾದ್ದು ಒಂಬತ್ತಕ್ಕೆ.
ತಳ್ಳುಗಾಡಿಯಲ್ಲಿ ಗೇಗಾ, ಮುಖ ಕೆಂಪಗೆ,
ಅಳುವಿಗೆ ಮೊದಲು ಉಸಿರು ಕಟ್ಟುತ್ತಾರಲ್ಲ, ಆ ಮೌನದಲ್ಲಿ.
ಎದೆ ತನ್ನಷ್ಟಕ್ಕೆ ಜಿನುಗತೊಡಗಿತು.

ಹೆಗಲ ಹಿಂದಿನಿಂದ ಒಂದು ಕೈ ಬಂತು.
ಮಣಿಕಟ್ಟಿನ ಮೇಲೆ ಒಣಗಿದ ರವೆ ಗಂಜಿ.
ಡಬ್ಬಿಯಲ್ಲಿ ಠಣ್.
“ಐದನೇ ಮಹಡಿ. ಇರ್ಮಾ.”
ಅವಳ ಶಾಲಿನೊಳಗೂ ಒಂದು ಪುಟ್ಟ ನೆತ್ತಿ.
ನಾಲ್ಕು ಜೀವ, ಐದು ಮಹಡಿ, ಮಾತಿಲ್ಲ.
ಇಳಿಯುವಾಗ ಮಾತ್ರ ಕೇಳಿದಳು:
“ನಿನ್ನದೂ ಮೂರು ಗಂಟೆಗೇ ಏಳುತ್ತದಾ?”
ಬಾಗಿಲು ಮುಚ್ಚಿತು.
ಉತ್ತರ ತಾಮ್ತಾಳ ಬಾಯಲ್ಲೇ ಕೂತು ಒಂಬತ್ತಕ್ಕೆ ಹೋಯಿತು.

ಇಪ್ಪತ್ತು ತೆತ್ರಿಯ ಕೈಗಡ ತೀರಿಸಲು
ಎಷ್ಟು ತಾಲೀಮು, ಬಚ್ಚಲ ಕನ್ನಡಿಯೆದುರು!
ಮನೆಯಲ್ಲಿ ಅತ್ತೆ ಇದ್ದಾರೆ, ಅತ್ತೆಯ ಅಕ್ಕ ಇದ್ದಾರೆ,
ಸಲಹೆಗಳಿಗೆ ಕಾಲಿಡಲು ಜಾಗವಿಲ್ಲ.
ಮಾತಿಗೆ ಮಾತ್ರ ಯಾರೂ ಇಲ್ಲ.

ಗುರುವಾರ ನಾಲ್ಕು ಮಹಡಿ ಇಳಿದು ಬಾಗಿಲು ತಟ್ಟಿದಳು.
ತೆರೆದ ಇರ್ಮಾಳ ಕಣ್ಣು ಸೋರುತ್ತಿದ್ದವು.
“ಈರುಳ್ಳಿ,” ಅಂದಳು, ಕೈ ಎತ್ತಿ ತೋರಿಸುತ್ತ.
ಸಿಪ್ಪೆ ಕೂಡ ಸುಲಿಯದ ಇಡೀ ಈರುಳ್ಳಿ.

ಮುಷ್ಟಿಯಲ್ಲಿ ಬೆಚ್ಚಗಾಗಿದ್ದ ನಾಣ್ಯ
ಮರಳಿ ಜೇಬಿಗೆ ಜಾರಿತು.
“ಕೊಡು ಇಲ್ಲಿ,” ಅಂದಳು ತಾಮ್ತಾ.
ಈರುಳ್ಳಿಯನ್ನಲ್ಲ, ಮಗುವನ್ನು.

ಆ ಊರಿನಲ್ಲಿ ಅಮ್ಮನಿಗೆ ದೇದಾ ಅನ್ನುತ್ತಾರೆ,
ಅಪ್ಪನಿಗೆ ಮಾಮಾ; ನಮಗದು ತಮಾಷೆ.
ಐದಕ್ಕೂ ಒಂಬತ್ತಕ್ಕೂ ನಡುವಿನ ಈ ನಂಟಿಗೆ
ಅಲ್ಲೇನೆನ್ನುತ್ತಾರೋ, ನಾನು ಕೇಳಿಲ್ಲ.
ನಮ್ಮಲ್ಲೇನೆನ್ನುತ್ತೇವೆ ಎಂದು ಹುಡುಕಿ ಸೋತಿದ್ದೇನೆ.

ಈಗ ಹನ್ನೊಂದರ ನೇಸ್ತಾನಳೂ ಬರುತ್ತಾಳೆ,
ಅವಳಿಗಳ ಅಗಲ ಗಾಡಿ ಲಿಫ್ಟಿಗೆ ಹಿಡಿಸುವುದಿಲ್ಲ;
ಮೂವರೂ ಸೇರಿ, ಬೈದುಕೊಂಡು, ಮೆಟ್ಟಿಲಲ್ಲೇ ಹೊರುತ್ತಾರೆ.
ಮೇ ತಿಂಗಳಲ್ಲಿ ಡಬ್ಬಿ ಕಿತ್ತು ಕಾರ್ಡು ಹಾಕಿದರು.

ಮೊನ್ನೆ ಗಂಡ ಬ್ರೆಡ್ಡಿಗೆಂದು ಚಿಲ್ಲರೆ ತಡಕುತ್ತ
ಕೋಟಿನ ಜೇಬಿಗೆ ಕೈ ಹಾಕಿದ.
“ಅದನ್ನು ಮುಟ್ಟಬೇಡ,” ಅಂದಳು,
“ಅದು ಇರ್ಮಾಳದ್ದು.”